ಪೌಷ್ಟಿಕಾಂಶದ ಪಟ್ಟಿ ಓದಲು ಬರುತ್ತೆ, ಆದರೂ ಅಂಗಡಿಯಲ್ಲಿ ಓದಲು ಆಗಲ್ಲ, ಯಾಕೆ?

ಪ್ಯಾಕೆಟ್ ಹಿಂದಿನ ಅಂಕಿಗಳು ಅರ್ಥವಾಗುತ್ತವೆ, ಆದರೂ ಅಂಗಡಿಗೆ ಹೋದರೆ ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿಬಿಡುತ್ತೇನೆ, ಶಿಸ್ತು ಸಾಲದೇ ಎಂದು ಕೇಳಿದ್ದೀರಿ. ಶಿಸ್ತಿನ ಮಾತು ಆಮೇಲೆ. ನಿಮ್ಮದು ತಾಳ್ಮೆಯ ತೊಂದರೆಯೋ ದುಡುಕಿನದೋ ಎಂದು ಮೊದಲು ನೋಡಿ, ಎರಡಕ್ಕೂ ಮದ್ದು ಬೇರೆ.

ಓದುವ ಶ್ರಮ ಈಗಿನದು, ಅದರ ಲಾಭ ಹತ್ತಾರು ವರ್ಷ ಆಚೆಯದು. ಬಿಪಿ, ಶುಗರ್ ಬಾರದಿರುವುದು ಇವತ್ತು ಕಣ್ಣಿಗೆ ಕಾಣುವುದಿಲ್ಲ. ಆ ದೂರದ ಲಾಭಕ್ಕೆ ಬೆಲೆ ಕೊಡದವರು ಪ್ಯಾಕೆಟ್ ತಿರುಗಿಸುವುದೇ ಇಲ್ಲ. ಇದು ತಾಳ್ಮೆಯ ವಿಷಯ. ದುಡುಕಿನವರ ಕಥೆ ಬೇರೆ: ಆರೋಗ್ಯದ ಕಾಳಜಿ ಇರುತ್ತದೆ, ಆದರೆ ಹಸಿವು, ರಿಯಾಯಿತಿ, ಜೊತೆಗಿರುವ ಮಗುವಿನ ಹಟ, ಇಷ್ಟಿದ್ದರೆ ಕೈ ಮುಂದೆ ಹೋಗಿರುತ್ತದೆ. ಇಂಥವರು ಓದುವುದು ಪ್ಯಾಕೆಟ್ಟಿನ ಮುಂಭಾಗವನ್ನು ಮಾತ್ರ. 'ಮಲ್ಟಿಗ್ರೇನ್' (ಹಲವು ಧಾನ್ಯಗಳದ್ದು) ಎಂದು ದಪ್ಪಕ್ಷರದಲ್ಲಿದ್ದರೆ ಸಾಕು. ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಮೈದಾ ಮೊದಲಿದ್ದರೂ ಗಮನಿಸುವುದಿಲ್ಲ. ಆ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಹಾಗಾಗಿ ಮೊದಲ ಮೂರು ಹೆಸರು ನೋಡಿದರೆ ಒಳಗೇನಿದೆ ಎಂಬುದು ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ತಾಳ್ಮೆ ಕಡಿಮೆ ಇದ್ದರೆ ಎಲ್ಲ ಸಾಲನ್ನೂ ಓದಲು ಹೋಗಬೇಡಿ, ಎರಡು ದಿನಕ್ಕೆ ಬಿಟ್ಟುಬಿಡುತ್ತೀರಿ. ಸಿಹಿ ತಿಂಡಿಯಲ್ಲಿ 'ಆಡೆಡ್ ಶುಗರ್' (ಬೇರೆಯಾಗಿ ಬೆರೆಸಿದ ಸಕ್ಕರೆ), ಖಾರದ್ದರಲ್ಲಿ 'ಸೋಡಿಯಂ', ತಲಾ ಒಂದೇ ಸಾಲು. ಹೋಲಿಸುವಾಗ 100 ಗ್ರಾಂ ಅಂಕಣವನ್ನೇ ನೋಡಿ. ತಾಳ್ಮೆಯಿಂದ ಓದುವವರೂ ಎಡವುವುದು 'ಪರ್ ಸರ್ವ್', ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣದ ಅಂಕಣದಲ್ಲಿ: ಕಂಪನಿ ಒಂದು ಸರ್ವಿಂಗ್ ಎಂದರೆ 30 ಗ್ರಾಂ ಎಂದು ಬರೆದಿರುತ್ತದೆ, ನಾವು 90 ಗ್ರಾಂ ಪ್ಯಾಕೆಟ್ ಪೂರ್ತಿ ಖಾಲಿ ಮಾಡುತ್ತೇವೆ. ಅಲ್ಲಿ ಕಾಣುವ ಶೇಕಡಾ ಅಂಕಿಯನ್ನು (ದಿನದ ಅಗತ್ಯದಲ್ಲಿ ಎಷ್ಟು ಪಾಲು ಎಂಬುದನ್ನು) ಮೂರರಿಂದ ಗುಣಿಸಲೇಬೇಕು.

ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 70 ಗ್ರಾಂ ನೂಡಲ್ಸ್ ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ 1,200 ಮಿಲಿಗ್ರಾಂ ಸೋಡಿಯಂ ಎಂದಿದೆ ಎನ್ನಿ. ಪ್ಯಾಕೆಟ್ಟಿಗೆ 840 ಮಿಲಿಗ್ರಾಂ, ಅಂದರೆ 2.1 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಪಲ್ಯ, ಉಪ್ಪಿನಕಾಯಿಯ ಲೆಕ್ಕ ಇನ್ನೂ ಬಾಕಿ ಇದೆ!

ದುಡುಕಿನವರಿಗೆ ಅಂಗಡಿಯಲ್ಲಿ ಓದಿ ಎಂದು ಹೇಳುವುದೇ ವ್ಯರ್ಥ. ಓದುವ ಜಾಗ ಬದಲಾಗಬೇಕು. ಊಟ ಆದ ಮೇಲೆ, ಮನೆಯಲ್ಲಿ, ತಿಂಗಳಿಗೊಮ್ಮೆ ಡಬ್ಬಿಯಲ್ಲಿರುವ ಏಳೆಂಟು ಪ್ಯಾಕೆಟ್ ತೆಗೆದು ಇಟ್ಟುಕೊಳ್ಳಿ. ಬಿಸ್ಕತ್ತು, ಸಾಸ್, ಬ್ರೆಡ್ಡು, ಮಗುವಿನ ಹಾಲಿಗೆ ಹಾಕುವ ಪುಡಿ, ಒಂದೊಂದರಲ್ಲೂ ಯಾವ ಬ್ರ್ಯಾಂಡ್ ಎಂದು ಆಗಲೇ ತೀರ್ಮಾನಿಸಿ ದಿನಸಿ ಚೀಟಿಯಲ್ಲಿ ಬರೆದುಬಿಡಿ. ಅಂಗಡಿಯಲ್ಲಿ ಚೀಟಿ ನೋಡುವುದಷ್ಟೇ ಕೆಲಸ. ಆ್ಯಪ್‌ನಲ್ಲಿ ತರಿಸುವವರು ಆರ್ಡರ್ ಕಾರ್ಟಿಗೆ ಹಾಕಿ, ಊಟ ಆದ ಮೇಲೆ ಕಾರ್ಟನ್ನು ಇನ್ನೊಮ್ಮೆ ತೆರೆದು ನೋಡಿ ಹಣ ಕಟ್ಟಲಿ. ಚೀಟಿಯಲ್ಲಿಲ್ಲದ ಹೊಸ ತಿಂಡಿ ಆಸೆಯಾದರೆ ಒಂದೇ ಒಂದು, ಅದೂ ಚಿಕ್ಕ ಪ್ಯಾಕೆಟ್ ತನ್ನಿ. ಅದರ ಹಿಂಭಾಗವನ್ನು ಮನೆಗೆ ಬಂದು ಓದಬಹುದು.