ಡ್ರಮ್ಸ್ ಬಿಡುವ ಮಾತನ್ನು ಗೆಳೆಯರಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 61 ವರ್ಷ. 1985ರಲ್ಲಿ ನಾವು ನಾಲ್ಕು ಜನ ಕಾಲೇಜು ಗೆಳೆಯರು ಸೇರಿ ರಾಕ್ ಬ್ಯಾಂಡ್ ಶುರು ಮಾಡಿದೆವು. ನಾನು ಡ್ರಮ್ಮರ್. ಕೆಲಸ, ಮದುವೆ, ಮಕ್ಕಳು ಎಲ್ಲದರ ನಡುವೆಯೂ ಬ್ಯಾಂಡ್ ಬಿಟ್ಟಿಲ್ಲ. ಈಗಲೂ ವರ್ಷಕ್ಕೆ ಎಂಟು-ಹತ್ತು ಶೋ ಇರುತ್ತವೆ. ಪ್ರತಿ ಶನಿವಾರ ಪ್ರಾಕ್ಟೀಸ್ ಇದೆ. ಆದರೆ ಎರಡು ವರ್ಷದಿಂದ ಬಲಭುಜ ವಿಪರೀತ ನೋಯುತ್ತಿದೆ. ಶೋಗೆ ಮುಂಚೆ ನೋವಿನ ಮಾತ್ರೆ ನುಂಗಿ ಕೂರುತ್ತೇನೆ. ಜೋರು ಹಾಡುಗಳಲ್ಲಿ ಹಿಂದೆ ಬೀಳುತ್ತಿದ್ದೇನೆ. ಹೋದ ತಿಂಗಳು ಹಾಡಿನ ನಡುವೆಯೇ ಸ್ಟಿಕ್ ಕೈಜಾರಿತು. ಗೆಳೆಯರು ಏನೂ ಅನ್ನಲಿಲ್ಲ. ಡಿಸೆಂಬರ್‌ನಲ್ಲಿ ದೊಡ್ಡ ಶೋ ಮಾಡಬೇಕೆಂದು ಈಗ ಹಾಲ್ ಹುಡುಕುತ್ತಿದ್ದಾರೆ. ನಮ್ಮ ಗಾಯಕನ ಹೆಂಡತಿ ಹೋದ ವರ್ಷ ತೀರಿಕೊಂಡರು. ಅವನಿಗೆ ಈಗ ಬ್ಯಾಂಡ್ ಒಂದೇ ಆಸರೆ. ನಾನು ಬಿಟ್ಟರೆ ಬ್ಯಾಂಡ್ ಮುಗಿದ ಹಾಗೆ. ನನ್ನ ಹತ್ತಿರ ಕಲಿತ 24 ವರ್ಷದ ಹುಡುಗಿಯೊಬ್ಬಳು ನಮ್ಮ ಹಾಡುಗಳನ್ನೆಲ್ಲ ಬಾರಿಸುತ್ತಾಳೆ. ಅವಳನ್ನು ನನ್ನ ಜಾಗದಲ್ಲಿ ಕೂರಿಸಿ ಎನ್ನಲು ಬಾಯಿ ಬರುತ್ತಿಲ್ಲ. ನೋವಿನ ವಿಷಯ ಹೆಂಡತಿಗೆ ಮಾತ್ರ ಗೊತ್ತು. "ಸಾಕು ಬಿಡಿ" ಅಂತಾಳೆ. ನಿಲ್ಲಿಸುವ ಸಮಯ ಬಂತು ಎಂದು ಗೊತ್ತಾಗುವುದು ಹೇಗೆ? ಗೆಳೆಯರಿಗೆ ಹೇಗೆ ಹೇಳಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಸಾಲಿನ ಹತ್ತಿರ ನಿಂತೆ. ಸ್ಟಿಕ್ ಕೈಜಾರಿತು, ಗೆಳೆಯರು ಏನೂ ಅನ್ನಲಿಲ್ಲ ಎಂದಿದ್ದೀರಲ್ಲ, ಆ ಸಾಲು. ನಲವತ್ತು ವರ್ಷ ನಿಮ್ಮ ತಾಳ ನಂಬಿಕೊಂಡು ನುಡಿಸಿದವರು ಅವರು. ಕೇಳುವವರಿಗೆ ಗೊತ್ತಾಗದೆ ಹೋಗಬಹುದು. ಬೇಸ್ ಗಿಟಾರ್ ಹಿಡಿದು ನಿಮ್ಮ ಪಕ್ಕದಲ್ಲೇ ನಿಂತವರಿಗೆ ಗೊತ್ತಾಗದೇ ಇರುತ್ತದಾ? ನಿಮಗೆ ನೋವಾಗಬಾರದು ಅಂತ ಅವರು ಸುಮ್ಮನಿದ್ದಾರೆ. ಅವರಿಗೆ ಬೇಜಾರಾಗಬಾರದು ಅಂತ ನೀವು ಸುಮ್ಮನಿದ್ದೀರಿ. ಭುಜದ ನೋವಿನ ಜೊತೆ ಇದನ್ನೂ ಎರಡು ವರ್ಷ ಹೊತ್ತಿದ್ದೀರಿ. ನನಗೆ ನಿಜಕ್ಕೂ ಸಂಕಟವಾಯಿತು.

ಮೊದಲು ಭುಜದ ಮಾತು ಮುಗಿಸೋಣ. ನಿಮ್ಮ ಪತ್ರದಲ್ಲಿ ಮಾತ್ರೆ ಇದೆ, ಡಾಕ್ಟರ್ ಇಲ್ಲ. ಮಾತ್ರೆ ನುಂಗಿದ ಮೇಲೆ ನೋವು ತಿಳಿಯುವುದಿಲ್ಲ, ಆದ್ದರಿಂದ ಪೂರ್ತಿ ಬಲ ಹಾಕಿ ಬಾರಿಸುತ್ತೀರಿ. ಒಳಗೆ ಏನಾದರೂ ಹರಿದಿದ್ದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಈ ಮಾತ್ರೆಗಳನ್ನು ಪದೇ ಪದೇ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿಪಿ ಏರಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ದಯವಿಟ್ಟು ಈ ವಾರವೇ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಸ್ಟಿಕ್ ಜಾರಿದ್ದನ್ನು ಮುಚ್ಚಿಡಬೇಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ಅದನ್ನೂ ಹೇಳಿ. ಕೆಲವು ಸಲ ತೊಂದರೆ ಕತ್ತಿನ ನರದಲ್ಲಿರುತ್ತದೆ, ನೋವು ಮಾತ್ರ ಭುಜ, ಕೈಯಲ್ಲಿ ಕಾಣಿಸುತ್ತದೆ. ನೀವು ಬಾರಿಸುತ್ತಿರುವ ವಿಡಿಯೊ ಒಂದನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ. ಕೈ ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ಫಿಸಿಯೋಥೆರಪಿ ಮಾಡುವವರಿಗೆ ಕಣ್ಣಾರೆ ಕಾಣಬೇಕು. ವಾಸಿಯಾಗುವ ನೋವಿಗೆ ಹೆದರಿ ನಲವತ್ತು ವರ್ಷದ ಬ್ಯಾಂಡ್ ಬಿಟ್ಟರೆ ಆಮೇಲೆ ಕೊರಗುತ್ತೀರಿ. ವಾಸಿಯಾಗದ್ದನ್ನು ಮಾತ್ರೆಯಲ್ಲಿ ಮುಚ್ಚಿಟ್ಟು ಡಿಸೆಂಬರ್‌ವರೆಗೆ ಎಳೆದರೆ ನಾಳೆ ಅನ್ನ ಕಲಸಲೂ ಕೈ ಎತ್ತಲಾಗದ ಸ್ಥಿತಿ ಬರಬಹುದು. ಯಾವುದು ಎಂದು ಡಾಕ್ಟರ್ ಹೇಳುವವರೆಗೆ ನೀವು ಏನನ್ನೂ ತೀರ್ಮಾನಿಸಬೇಡಿ.

ಈಗ ವಯಸ್ಸಿನ ಮಾತು. 2003ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ನೀವು ಹೋಗಿದ್ದಿರಿ ಎಂದೇ ಅಂದುಕೊಂಡಿದ್ದೇನೆ. ಅವತ್ತು ಡ್ರಮ್ಸ್ ಹಿಂದೆ ಕೂತಿದ್ದ ಚಾರ್ಲಿ ವಾಟ್ಸ್‌ಗೆ ನಿಮ್ಮದೇ ವಯಸ್ಸು, 61. ಮರುವರ್ಷ ಅವರಿಗೆ ಗಂಟಲಿನ ಕ್ಯಾನ್ಸರ್ ಬಂತು. ಚಿಕಿತ್ಸೆ ಮುಗಿಸಿ ಮತ್ತೆ ಬಂದು ಕೂತರು. 2019ರವರೆಗೂ ವೇದಿಕೆಯ ಮೇಲಿದ್ದರು. ಅವರು ಬಾರಿಸುವ ರೀತಿ ನಿಮಗೆ ನೆನಪಿರುತ್ತದೆ. ಸ್ನೇರ್ ಡ್ರಮ್‌ಗೆ ಏಟು ಬೀಳುವಾಗ ಬಲಗೈಯನ್ನು ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯಿಂದ ಎತ್ತಿಬಿಡುತ್ತಿದ್ದರು. ಮೈ ಕುಣಿಸದೆ, ಮಣಿಕಟ್ಟಿನಲ್ಲೇ ಕೆಲಸ ಮುಗಿಸುವವರು. ನಿಮ್ಮ ಬಲಭುಜದ ಕಥೆ ಓದುವಾಗ ನನಗೆ ಪದೇ ಪದೇ ಆ ಎತ್ತಿದ ಕೈ ನೆನಪಾಯಿತು. ಸಿಂಬಲ್‌ಗಳನ್ನು ಇಳಿಸಿ, ಹತ್ತಿರಕ್ಕೆ ಎಳೆದುಕೊಂಡು, ಹಗುರ ಸ್ಟಿಕ್ ಹಿಡಿದು ನೋಡಿದ್ದೀರಾ? ಇಷ್ಟು ವರ್ಷ ಬಾರಿಸಿದವರು ತಮ್ಮ ಸೆಟ್ ಮುಟ್ಟಲು ಒಪ್ಪುವುದಿಲ್ಲ ಎಂದು ಗೊತ್ತು. ಆದರೂ ಒಮ್ಮೆ ನೋಡಿ.

ಹಾಗಂತ 61 ಏನೂ ದೊಡ್ಡದಲ್ಲ ಎಂದು ನಿಮ್ಮನ್ನು ಸಮಾಧಾನ ಮಾಡಿ ಕಳಿಸಲು ನನಗೆ ಇಷ್ಟವಿಲ್ಲ. ಡ್ರಮ್ಮರ್ ಕಷ್ಟವೇ ಬೇರೆ. ಗಾಯಕನ ಗಂಟಲು ಏರದಿದ್ದರೆ ಶ್ರುತಿ ಇಳಿಸಿ ಹಾಡಬಹುದು. ಗಿಟಾರ್‌ನಲ್ಲಿ ನಾಲ್ಕು ಸ್ವರ ಬಿಟ್ಟರೂ ಹಾಡು ನಿಲ್ಲುವುದಿಲ್ಲ. ಡ್ರಮ್ಮರ್ ತಡವಾದರೆ ಇಡೀ ಬ್ಯಾಂಡ್ ತಡ. ಈ ಭಾರ ನಿಮಗೆ ಗೊತ್ತಿರುವುದರಿಂದಲೇ ಇಷ್ಟು ಹಿಂಸೆ ಪಡುತ್ತಿದ್ದೀರಿ.

ಬ್ರಿಟನ್ನಿನ ಐರನ್ ಮೇಡನ್ ಬ್ಯಾಂಡ್‌ನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ವಿಷಯ ಕೇಳಿ. 2007ರ ಮಾರ್ಚ್‌ನಲ್ಲಿ ಅದೇ ಅರಮನೆ ಮೈದಾನದಲ್ಲಿ ಅವರನ್ನು ನಮ್ಮೂರಿನ ಜನ ಹೇಗೆ ಎದುರುಗೊಂಡರು ಎಂಬುದು ನಿಮಗೆ ಹೇಳಬೇಕಾಗಿಲ್ಲ. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮೈಯ ಒಂದು ಬದಿ ಸ್ವಾಧೀನ ತಪ್ಪಿತು. ಚಿಕಿತ್ಸೆ, ವ್ಯಾಯಾಮ ಮಾಡಿ ಅದೇ ವರ್ಷ ಬ್ಯಾಂಡ್ ಜೊತೆ ಪ್ರವಾಸ ಹೊರಟರು. ಮೊದಲಿನ ಹಾಗೆ ಕೈ ಓಡದ ಕಡೆ ಬೇರೆ ಥರ ಬಾರಿಸಿದರು. ಬ್ಯಾಂಡ್‌ನವರಿಗೆ ಎಲ್ಲ ಗೊತ್ತಿತ್ತು. ಕೆಲವು ತಿಂಗಳ ಬಳಿಕ ಅಭಿಮಾನಿಗಳಿಗೂ ತಾವೇ ಹೇಳಿದರು. 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೊನೆಯ ಶೋ ಬಾರಿಸಿ ಪ್ರವಾಸದಿಂದ ನಿವೃತ್ತರಾದರು. ಆಗ ಅವರಿಗೆ 72. ಬ್ಯಾಂಡ್ ಹೊಸ ಡ್ರಮ್ಮರ್ ಜೊತೆ ಮುಂದೆ ಹೋಯಿತು. ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಕೊನೆಯ ಶೋ ಅಲ್ಲ. ಅದಕ್ಕೆ ಮುಂಚಿನ ಎರಡು ವರ್ಷ. ಕೈ ಓಡದಿದ್ದಾಗಲೂ ಅವರು ಒಬ್ಬರೇ ಇರಲಿಲ್ಲ.

"ನಾನು ಬಿಟ್ಟರೆ ಬ್ಯಾಂಡ್ ಮುಗಿದ ಹಾಗೆ" ಎಂದು ಬರೆದಿದ್ದೀರಿ. ಈ ಮಾತನ್ನು ನಿಮಗೆ ಯಾರು ಹೇಳಿದರು? ಗೆಳೆಯರು ಹೇಳಿಲ್ಲ, ಯಾಕೆಂದರೆ ನೀವು ಕೇಳಿಯೇ ಇಲ್ಲ. ಅಮೆರಿಕದ ಆರ್.ಇ.ಎಂ. ಬ್ಯಾಂಡ್‌ನ ಡ್ರಮ್ಮರ್ ಬಿಲ್ ಬೆರ್ರಿ ಕೂಡ ಇಂಥದ್ದೇ ಇಕ್ಕಟ್ಟಿನಲ್ಲಿ ಸಿಕ್ಕಿದ್ದರು. 1995ರಲ್ಲಿ ಸ್ವಿಟ್ಜರ್ಲೆಂಡ್‌ನ ವೇದಿಕೆಯ ಮೇಲೆಯೇ ಅವರ ಮೆದುಳಿನ ರಕ್ತನಾಳ ಊದಿ ಒಡೆಯಿತು. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡರು. ಎರಡು ವರ್ಷದ ಬಳಿಕ ಬ್ಯಾಂಡ್ ಬಿಡಬೇಕು ಎನ್ನಿಸಿತು. ಅವರು ಗೆಳೆಯರ ಮುಂದೆ ಕೂತು ಎರಡು ಮಾತು ಹೇಳಿದರು. ನನಗೆ ಬಿಡಬೇಕೆನಿಸಿದೆ ಎಂಬುದು ಒಂದು. ನಾನು ಬಿಟ್ಟರೆ ನೀವು ಬ್ಯಾಂಡ್ ಮುಚ್ಚುವುದಾದರೆ ಬಿಡುವುದಿಲ್ಲ ಎಂಬುದು ಇನ್ನೊಂದು. ಉಳಿದ ಮೂವರು ಮುಂದುವರಿಯುತ್ತೇವೆ ಎಂದರು. ಬೆರ್ರಿ ಜಾರ್ಜಿಯಾದಲ್ಲಿ ಬೇಸಾಯ ಮಾಡಿಕೊಂಡು ಇದ್ದರು. ಆ ಮೂವರು 2011ರವರೆಗೆ ನಡೆಸಿ, ಜಗಳವಿಲ್ಲದೆ ಸಾಕು ಎಂದು ನಿಲ್ಲಿಸಿದರು. 2024ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಸಮಾರಂಭವೊಂದರಲ್ಲಿ ನಾಲ್ವರೂ ಸೇರಿ ಒಂದೇ ಒಂದು ಹಾಡು ನುಡಿಸಿದರು. ಸ್ನೇಹ ಉಳಿದಿತ್ತು, ಅದಕ್ಕೇ ಆ ಹಾಡು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಕೆನಡಾದ ರಶ್ ಬ್ಯಾಂಡ್‌ನಲ್ಲಿ ನೀಲ್ ಪಿಯರ್ಟ್ ಕೈಕಾಲು ನೋವಿನಿಂದ ಸಾಕಾಗಿ 2015ಕ್ಕೆ ನಿಲ್ಲಿಸುತ್ತೇನೆ ಎಂದಾಗ ಉಳಿದಿಬ್ಬರಿಗೆ ಇನ್ನೂ ಶೋ ಮಾಡುವ ಆಸೆ ಇತ್ತು. ಅವರಿಗೆ ಬೇಜಾರಾಯಿತು. ಆದರೂ ಒಪ್ಪಿಕೊಂಡರು. ಆ ವರ್ಷ ಆಗಸ್ಟ್ 1ರಂದು ಲಾಸ್ ಏಂಜಲಿಸ್‌ನಲ್ಲಿ ಕೊನೆಯ ಶೋ. ವೇದಿಕೆಯಲ್ಲಿ ಎಂದೂ ಡ್ರಮ್ಸ್ ಬಿಟ್ಟು ಮುಂದೆ ಬಾರದ ಪಿಯರ್ಟ್ ಅವತ್ತು ಎದ್ದು ಬಂದು ಇಬ್ಬರನ್ನೂ ತಬ್ಬಿಕೊಂಡರು. ಐದು ವರ್ಷ ತುಂಬುವ ಮೊದಲೇ, 2020ರ ಜನವರಿಯಲ್ಲಿ, ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವತ್ತು ಗೆಳೆಯರು ಬೇಜಾರು ಮಾಡಿಕೊಂಡಿದ್ದರಿಂದ ಸ್ನೇಹ ಮುರಿಯಲಿಲ್ಲ. ನಿಮ್ಮವರೂ ಮೊದಲಿಗೆ ಬೇಜಾರು ಮಾಡಿಕೊಳ್ಳಬಹುದು. ಒಬ್ಬರು ಎರಡು ದಿನ ಮಾತು ಬಿಡಬಹುದು. ಬಿಡಲಿ. ಬೇಜಾರು ಮಾಡಿಕೊಳ್ಳುವ ಹಕ್ಕು ಅವರಿಗೂ ಇದೆ ಅಲ್ವಾ?

ನಿಮ್ಮ ಶಿಷ್ಯೆಯ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ಅವಳಿಗೆ ಎರಡೇ ಸಾಲು ಕೊಟ್ಟಿದ್ದೀರಿ, ಆದರೆ ಉತ್ತರ ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಜೆನೆಸಿಸ್ ಬ್ಯಾಂಡ್‌ನ ಫಿಲ್ ಕಾಲಿನ್ಸ್ ಮೂಲತಃ ಡ್ರಮ್ಮರ್. ಬೆನ್ನು, ನರದ ತೊಂದರೆಯಿಂದ ಸ್ಟಿಕ್ ಹಿಡಿಯುವುದೂ ಕಷ್ಟವಾಯಿತು. 2022ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಬ್ಯಾಂಡ್‌ನ ಕೊನೆಯ ಶೋ ಆದಾಗ ಅವರು ಕುರ್ಚಿಯಲ್ಲಿ ಕೂತು ಹಾಡಿದರು. ಹಿಂದೆ ಡ್ರಮ್ಸ್ ಬಾರಿಸುತ್ತಿದ್ದವನು ಅವರ ಮಗ ನಿಕ್. ರಶ್‌ನ ಉಳಿದಿಬ್ಬರು ಕೂಡ ಹತ್ತು ವರ್ಷ ಸುಮ್ಮನಿದ್ದು, 2025ರಲ್ಲಿ ಮತ್ತೆ ಹೊರಡುತ್ತೇವೆ ಎಂದು ಹೇಳಿದಾಗ ಪಿಯರ್ಟ್ ಜಾಗಕ್ಕೆ ಕರೆದದ್ದು ಆನಿಕಾ ನಿಲೆಸ್ ಎಂಬ ಜರ್ಮನ್ ಹೆಣ್ಣುಮಗಳನ್ನು. ನಿಮ್ಮ ಅದೃಷ್ಟ, ನೀವು ಇದ್ದಾಗಲೇ ನಿಮ್ಮ ಕೈಯಲ್ಲಿ ಕಲಿತವಳು ಆ ಸೀಟಿನಲ್ಲಿ ಕೂರುತ್ತಾಳೆ. ತಾಳ ಎಲ್ಲಿ ಸಡಿಲ ಬಿಡಬೇಕು, ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂದು ಅವಳಿಗೆ ನೀವೇ ಪಕ್ಕದಲ್ಲಿ ನಿಂತು ಹೇಳಬಹುದು.

ನಾನು ಕರಾವಳಿ ಕಡೆಯವಳು. ಚಿಕ್ಕಂದಿನಲ್ಲಿ ಯಕ್ಷಗಾನದ ಮೇಳಗಳಲ್ಲಿ ಒಂದು ವಿಷಯ ನೋಡುತ್ತಿದ್ದೆ. ಅಭಿಮನ್ಯುವಿನ ವೇಷ ಹಾಕಿ ರಂಗಸ್ಥಳದಲ್ಲಿ ಗಿರಕಿ ಹೊಡೆಯುತ್ತಿದ್ದ ಕಲಾವಿದರು ಮೊಣಕಾಲು ಸೋತ ಮೇಲೆ ಮೇಳ ಬಿಡುತ್ತಿರಲಿಲ್ಲ. ಕುಣಿತ ಜಾಸ್ತಿ ಇರುವ ಪುಂಡುವೇಷವನ್ನು ಹುಡುಗರಿಗೆ ಬಿಟ್ಟುಕೊಟ್ಟು ತಾವು ಮಾತಿಗೆ ಜಾಸ್ತಿ ಜಾಗ ಇರುವ ವೇಷಕ್ಕೆ ಬರುತ್ತಿದ್ದರು. ನಮಗೆ ಯಾರಿಗೂ ಅವರು ಸೋತರು ಅನ್ನಿಸುತ್ತಿರಲಿಲ್ಲ. ಅವರು ಬಾಯಿ ತೆರೆದರೆ ಸಭೆ ನಿಶ್ಶಬ್ದವಾಗುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡು ಗಂಟೆಯ ಪೂರ್ತಿ ಶೋ ಒಬ್ಬರೇ ಬಾರಿಸುವುದನ್ನು ಈಗಲೇ ನಿಲ್ಲಿಸಿ. ಬ್ಯಾಂಡ್ ಬಿಡಬೇಡಿ. ಡಿಸೆಂಬರ್ ಶೋ ಆಗಲಿ. ಜೋರು ಹಾಡುಗಳಿಗೆ ನಿಮ್ಮ ಶಿಷ್ಯೆ ಕೂರಲಿ. ನಿಧಾನದ ನಾಲ್ಕೈದು ಹಾಡುಗಳನ್ನು, ಡಾಕ್ಟರ್ ಒಪ್ಪಿದರೆ, ಮಾತ್ರೆ ಇಲ್ಲದೆ ನೀವು ಬಾರಿಸಿ. ಪೋಸ್ಟರ್ ಮೇಲೆ "ಕೊನೆಯ ಶೋ" ಎಂದು ಹಾಕಬೇಡಿ. ಮಾಟ್ಲಿ ಕ್ರೂ ಬ್ಯಾಂಡ್‌ನವರು 2015ರ ಬಳಿಕ ಪ್ರವಾಸ ಮಾಡುವುದಿಲ್ಲ ಎಂದು 2014ರಲ್ಲಿ ಕರಾರಿಗೇ ಸಹಿ ಹಾಕಿದ್ದರು. 2019ರಲ್ಲಿ ವಾಪಸ್ ಬರುತ್ತೇವೆ ಎಂದರು. ಕೊನೆ ಎಂದು ನಂಬಿ, ದುಡ್ಡು ಕೊಟ್ಟು, ಅತ್ತು ಮನೆಗೆ ಹೋದವರಿಗೆ ಏನನ್ನಿಸಿರಬೇಡ? ನಿಮ್ಮ ಶೋಗೆ ಬರುವವರಲ್ಲಿ ಅರ್ಧ ಜನ ನಿಮ್ಮ ಪರಿಚಯದವರೇ ಇರುತ್ತಾರೆ. ಅವರಿಗೆ ಹಾಗಾಗಬಾರದು.

ಗಾಯಕ ಗೆಳೆಯರ ಬಗ್ಗೆ ನಿಮಗಿರುವ ಕಾಳಜಿ ನನಗೆ ತುಂಬಾ ಹಿಡಿಸಿತು. ಹೆಂಡತಿಯನ್ನು ಕಳೆದುಕೊಂಡವರಿಗೆ ಈಗ ಬೇಕಿರುವುದು ವರ್ಷಕ್ಕೆ ಹತ್ತು ಶೋ ಎಂದು ನನಗೆ ಅನ್ನಿಸುವುದಿಲ್ಲ. ಶನಿವಾರಗಳು ಬೇಕು. ನಾಲ್ಕು ಜನ ಸೇರುವುದು, ಪ್ರಾಕ್ಟೀಸ್ ನಡುವೆ ಚಹಾ, ಹಳೆಯ ಜಗಳ, ವಾಪಸ್ ಹೋಗುವಾಗ ಯಾರಾದರೂ ಮನೆವರೆಗೆ ಬಿಡುವುದು. ಶೋ ಕಡಿಮೆಯಾದರೂ ಶನಿವಾರ ತಪ್ಪಿಸುವುದಿಲ್ಲ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಅವರು ಇನ್ನೂ ತುಂಬಾ ಒಂಟಿಯಾಗಿದ್ದಾರೆ ಎನ್ನಿಸಿದರೆ ವಾರದ ನಡುವೆಯೂ ಒಮ್ಮೆ ಊಟಕ್ಕೆ ಕರೆಯಿರಿ. ಅವರ ದುಃಖಕ್ಕೆ ನೀವು ಆಸರೆಯಾಗಬಹುದು. ಅದಕ್ಕಾಗಿ ಭುಜ ಕಳೆದುಕೊಳ್ಳಬೇಕಿಲ್ಲ.

ನಿಮ್ಮ ಮನೆಯವರ "ಸಾಕು ಬಿಡಿ"ಯನ್ನೂ ಸ್ವಲ್ಪ ಕೇಳಿಸಿಕೊಳ್ಳಿ. ಶೋ ಮುಗಿದ ರಾತ್ರಿ ನೀವು ನರಳುವುದನ್ನು ನೋಡುತ್ತಿರುವವರು ಅವರು. ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ನೀವು ಮರೆತದ್ದನ್ನು ಅವರು ಹೇಳುತ್ತಾರೆ.

ಗೆಳೆಯರಿಗೆ ಹೇಳುವುದು ಹೇಗೆ ಎಂದು ಕೇಳಿದ್ದೀರಿ. ಗ್ರೂಪ್‌ನಲ್ಲಿ ಮೆಸೇಜ್ ಹಾಕಬೇಡಿ. ಹಾಲ್‌ಗೆ ಅಡ್ವಾನ್ಸ್ ಕೊಡುವ ಮೊದಲು, ಬರುವ ಶನಿವಾರವೇ ಹೇಳಿ. ಸ್ವಲ್ಪ ಬೇಗ ಹೋಗಿ. ಸ್ಟಿಕ್ ಬ್ಯಾಗ್ ತೆರೆಯುವ ಮುಂಚೆ, ಆಂಪ್ಲಿಫೈಯರ್ ಹಾಕುವ ಮುಂಚೆ, ಎಲ್ಲರನ್ನೂ ಕೂರಿಸಿ. "ಎರಡು ವರ್ಷದಿಂದ ಭುಜ ನೋಯ್ತಿದೆ ಕಣ್ರೋ, ನಿಮಗೆ ಹೇಳಿರಲಿಲ್ಲ. ಹೋದ ತಿಂಗಳು ಸ್ಟಿಕ್ ಜಾರಿದ್ದು ಅದಕ್ಕೇ" ಎಂದು ಶುರು ಮಾಡಿ. ಮುಂದಿನ ಮಾತು ನೀವೇ ಜೋಡಿಸಿಕೊಂಡು ಹೋಗಬೇಕಾಗಿಲ್ಲ. ನಲವತ್ತು ವರ್ಷದ ಗೆಳೆಯರು, ಅವರೂ ಮಾತಾಡಲಿ. ನಿಮ್ಮ ಶಿಷ್ಯೆಯ ಹೆಸರನ್ನು ಅವತ್ತೇ ಎತ್ತಬೇಕೆಂದೂ ಇಲ್ಲ. ನನಗೆ ಅನ್ನಿಸುತ್ತದೆ, ಮೂವರಲ್ಲಿ ಒಬ್ಬರು ಅದನ್ನು ಮೊದಲೇ ಯೋಚಿಸಿರುತ್ತಾರೆ.

ಡಾಕ್ಟರ್ ಏನೆಂದರು, ಶನಿವಾರ ಏನಾಯಿತು ಎಂದು ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.