ಕರೆಂಟ್ ಪೈಪಿನಲ್ಲಿ ಮಾತ್ರ ಬೇಡ

ಹಾಲ್‌ನ ರೂಟರಿನಿಂದ ಮಹಡಿ ರೂಮಿಗೆ ಲ್ಯಾನ್ ಕೇಬಲ್ಲನ್ನು ಗೋಡೆಯೊಳಗಿನ ಕರೆಂಟ್ ಪೈಪಿನಲ್ಲೇ ತೂರಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದರಲ್ಲಿ 230 ವೋಲ್ಟ್ ವೈರ್ ಇರುತ್ತದೆ, ಎಳೆಯುವಾಗ ಎಲ್ಲಾದರೂ ಸಿಪ್ಪೆ ಕಿತ್ತುಹೋದರೆ ರೂಟರ್ ಸುಡುವುದಿರಲಿ, ನಿಮಗೇ ಶಾಕ್ ಹೊಡೆಯಬಹುದು. ಹಳೇ ಟಿವಿ ಕೇಬಲ್ಲಿನ ಪೈಪ್ ಇದೆಯಾ ನೋಡಿ. ಇದ್ದರೆ ಆ ಹಳೇ ವೈರಿನ ತುದಿಗೇ ಹೊಸದನ್ನು ಟೇಪ್ ಸುತ್ತಿ ಕಟ್ಟಿ, ಒಬ್ಬರು ಕೆಳಗಿಂದ ತಳ್ಳುತ್ತಾ ಇನ್ನೊಬ್ಬರು ಮೇಲಿಂದ ನಿಧಾನವಾಗಿ ಎಳೆದರೆ ಬಂದುಬಿಡುತ್ತದೆ. ಇಲ್ಲದಿದ್ದರೆ ಗೋಡೆ ಮೇಲೆ ಪಿವಿಸಿ ಪಟ್ಟಿ ಹೊಡೆಸಿ, ಅದರೊಳಗೆ ಕೇಬಲ್ ಹಾಯಿಸಿ. ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ಸಾಕು, ಆದರೆ ಪೂರ್ತಿ ತಾಮ್ರದ್ದೇ ಇರಲಿ. ಸಿಸಿಎ ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಅಗ್ಗ ಅಂತ ಸುಮ್ನೆ ತಗೋಬೇಡಿ. 1 ಗಿಗಾಬಿಟ್ ವೇಗ 100 ಮೀಟರ್ ತನಕ ಸಿಗುತ್ತದೆ, ಮನೆಗೆ ಧಾರಾಳ ಅಲ್ವಾ? ಕೇಬಲ್ಲಿನೊಳಗಿನ ಸಣ್ಣ ವೈರುಗಳ ಬಣ್ಣದ ಕ್ರಮ ಎರಡೂ ತುದಿಯಲ್ಲೂ ಒಂದೇ ಇರಲಿ, ಟಿ568ಬಿ ಅನ್ನುವ ಕ್ರಮ ಹಾಕಿಸಿ.