‘ಎಷ್ಟು ಪಾಯಿಂಟ್ ಅಮ್ಮಾ?’

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗ ಏಳನೇ ಕ್ಲಾಸು, ಮಗಳು ನಾಲ್ಕನೇ ಕ್ಲಾಸು. ಮನೆಗೆಲಸವನ್ನು ಆಟದ ಹಾಗೆ ಮಾಡಿದರೆ ಮಕ್ಕಳು ಖುಷಿಯಿಂದ ಮಾಡುತ್ತಾರೆ ಅಂತ ಮೊಬೈಲಿನಲ್ಲಿ ನೋಡಿದೆ. ಒಂದೊಂದು ಕೆಲಸಕ್ಕೆ ಇಷ್ಟು ಪಾಯಿಂಟ್, 50 ಪಾಯಿಂಟಿಗೆ 20 ರೂಪಾಯಿ ಅಂತ ಬರೆದು ಗೋಡೆಗೆ ಅಂಟಿಸಿದೆ. ಎರಡು ವಾರ ಚೆನ್ನಾಗಿ ನಡೆಯಿತು. ಈಗ ಒಂದು ಲೋಟ ನೀರು ಕೊಡು ಅಂದರೂ ಮಗ ‘ಎಷ್ಟು ಪಾಯಿಂಟ್?’ ಅನ್ನುತ್ತಾನೆ. ದಿನಾ ಬೆಳಿಗ್ಗೆ ಅಜ್ಜಿ ಜೊತೆ ದೇವರಿಗೆ ಹೂವು ಕೊಯ್ಯುತ್ತಿದ್ದ ಮಗಳೂ ಈಗ ಹಾಗೇ ಕೇಳುತ್ತಾಳೆ. ನಾನು ಎಲ್ಲಿ ತಪ್ಪಿದೆ?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹೂವಿನ ಮಾತು ಓದಿ ನನಗೂ ಕಷ್ಟವಾಯಿತು ತಂಗೀ. ಮೊದಲು ಆ ಸಾಲನ್ನು ಪಟ್ಟಿಯಿಂದ ಅಳಿಸಿ. ಅದು ಅವಳಿಗೆ ಕೆಲಸವೇ ಆಗಿರಲಿಲ್ಲ. ಅಜ್ಜಿ ಜೊತೆಗಿನ ಹೊತ್ತಾಗಿತ್ತು.

ಇಂಥದ್ದೇ ತಪ್ಪನ್ನು ನಾನೂ ಮಾಡಿದ್ದೇನೆ. ಮೇಷ್ಟ್ರಾಗಿದ್ದಾಗ, ಓದಿದ ಪ್ರತಿ ಪುಸ್ತಕಕ್ಕೂ ಒಂದು ಸ್ಟಿಕ್ಕರ್ ಅಂದೆ. ತಿಂಗಳೊಳಗೆ ಮಕ್ಕಳೆಲ್ಲ ತೀರಾ ತೆಳ್ಳಗಿನ ಪುಸ್ತಕ ಹುಡುಕತೊಡಗಿದರು. ಕಥೆ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಆ ಮಕ್ಕಳಲ್ಲಿ ಇದ್ದ ಏನನ್ನೋ ನಾನೇ ಕೆಡಿಸಿದೆ ಅಂತ ಇವತ್ತಿಗೂ ಅನಿಸುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಅವರ ಜೊತೆಗಾರರ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳು. ಕೆಲವರಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತೇ ಇಲ್ಲದಾಗ ನೋಡಿದರೆ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟು ಮಾತ್ರ. ಮೊದಲು ಹೇಳದೆ, ಆಮೇಲೆ ಸುಮ್ನೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಲ್ಲಿ ಹೀಗಾಗಲಿಲ್ಲ.

ನೀವು ಆಟ ತಂದೆ ಅಂದುಕೊಂಡಿರಿ. ತಂದದ್ದು ಕೂಲಿ. ಚೌಕಾಬಾರ ಆಡಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಆದರೂ ಮಳೆಗಾಲದಲ್ಲಿ ನಮ್ಮ ಕಡೆ ಊಟಕ್ಕೆ ಕರೆದರೂ ಮಕ್ಕಳು ಏಳುವುದಿಲ್ಲ. ಕವಡೆ ಏನು ಬೀಳುತ್ತದೋ ಗೊತ್ತಿಲ್ಲ. ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು ಅನ್ನುವುದು ನಮ್ಮ ಕೈಯಲ್ಲಿದೆ. ಕಾಯಿ ನಡುಮನೆ ಸೇರಿ ಹಣ್ಣಾಗಲು ಇನ್ನೆಷ್ಟು ಮನೆ ಅಂತ ಕಣ್ಣಿಗೆ ಕಾಣುತ್ತದೆ. ಆಟ ಇರುವುದು ಅಲ್ಲಿ.

ಇದು ಕೆಲಸದಲ್ಲೂ ಇರಬಲ್ಲದು. ನಾನು ಹುಟ್ಟಿದ್ದು ಸಾಗರದ ಕಡೆ ಅಡಿಕೆ ತೋಟದ ಮನೆಯಲ್ಲಿ. ಅಡಿಕೆ ಗೊನೆ ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಅಡಿಕೆ ಸುಲಿಯುವುದು. ಸುಲಿಯಲು ಬಂದ ಹೆಂಗಸರಿಗೆ ಅದು ಹೊಟ್ಟೆಪಾಡು, ಅದನ್ನು ಆಟ ಅನ್ನುವ ಹಕ್ಕು ನನಗಿಲ್ಲ. ಆದರೆ ಮಕ್ಕಳಾದ ನಮ್ಮನ್ನು ಅಜ್ಜಿ ಹೇಗೆ ಸೇರಿಸಿಕೊಂಡಳು ಅನ್ನುವುದನ್ನು ಹೇಳಲೇಬೇಕು. ಮೊದಲ ವರ್ಷ, ಉರುಳಿ ಹೋದ ಅಡಿಕೆ ಹೆಕ್ಕುವುದಷ್ಟೇ. ಮರುವರ್ಷ ಹಣ್ಣಡಿಕೆ ಆರಿಸಿ ಬೇರೆ ಹಾಕುವುದು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಟ್ಟಲು ಬಿಟ್ಟಿದ್ದು ನನಗೆ ಹನ್ನೆರಡು ತುಂಬಿದ ಮೇಲೆ. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಮುಂದಿದ್ದ ಡಬ್ಬ ತುಂಬುತ್ತಾ ಬರುವುದನ್ನು ನೋಡುತ್ತಾ ಕೂತಿದ್ದೆ. ಕೆಲಸ ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಭಯ, ಎರಡರ ನಡುವೆ ಇದ್ದರೆ ಮನಸ್ಸು ಅದರಲ್ಲೇ ಮುಳುಗುತ್ತದೆ ಅಂತ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಬರೆದರು. ಅಜ್ಜಿಗೆ ಅದು ಹೇಗೋ ಗೊತ್ತಿತ್ತು.

ನಿಮ್ಮ ಮಗನ ವಿಷಯಕ್ಕೆ ಬರೋಣ. ಏಳನೇ ಕ್ಲಾಸಿನ ಹುಡುಗನಿಗೆ ಲೋಟ ತೊಳೆಯುವುದರಲ್ಲಿ ಏನಿದೆ? ವಾರಕ್ಕೊಂದು ಸಂಜೆ ತಿಂಡಿ ಪೂರ್ತಿ ಅವನಿಗೇ ಬಿಡಿ. ಮೊದಲು ಒಗ್ಗರಣೆ ಅವಲಕ್ಕಿ. ಆಮೇಲೆ ಉಪ್ಪಿಟ್ಟು. ಕೈ ಕುದುರಿದ ಮೇಲೆ ನೀರುದೋಸೆ. ಮೊದಲ ದೋಸೆ ಕಾವಲಿಗೆ ಅಂಟಿದಾಗ ನೀವು ಅಡುಗೆಮನೆಗೆ ಓಡಬೇಡಿ, ದಯವಿಟ್ಟು. ಎರಡನೆಯದನ್ನು ಅವನೇ ಸರಿ ಮಾಡಿಕೊಳ್ಳಲಿ.

ದಿನದ ಬೇಜಾರಿನ ಕೆಲಸಗಳಿಗೆ ಕವಡೆ ಹಾಕಿ. ನಾಲ್ಕು ಕವಡೆಯಲ್ಲಿ ಬೀಳುವುದು ಐದೇ ಲೆಕ್ಕ: ಒಂದು, ಎರಡು, ಮೂರು, ಚೌಕ (ನಾಲ್ಕೂ ಅಂಗಾತ), ಬಾರ (ನಾಲ್ಕೂ ಬೋರಲು). ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ 16ರಲ್ಲಿ 6 ಸಲ ಎರಡು ಬೀಳಬೇಕು, ಚೌಕ ಒಂದೇ ಸಲ, ಬಾರವೂ ಒಂದೇ ಸಲ. ಹಾಗಾಗಿ ಎರಡಕ್ಕೆ ದಿನಾ ಆಗಬೇಕಾದ ಕೆಲಸ ಇಡಿ, ತಟ್ಟೆ ತೊಳೆಯುವುದೋ ಏನೋ. ಬಟ್ಟೆ ಮಡಚುವುದು, ಬಚ್ಚಲ ಒಲೆಗೆ ಕಟ್ಟಿಗೆ ತಂದಿಡುವುದು ಒಂದು, ಮೂರಕ್ಕೆ ಇರಲಿ. ಯಾರಿಗೂ ಬೇಡದ ಬಚ್ಚಲು ತಿಕ್ಕುವ ಕೆಲಸ ಚೌಕಕ್ಕೆ. ಬಾರ ಬಿದ್ದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ. ನೀವು, ನಿಮ್ಮ ಯಜಮಾನರು ಕೂಡ ಕವಡೆ ಹಾಕಬೇಕು. ದೊಡ್ಡವರು ಕೂರದಿದ್ದರೆ ಅದು ಮಕ್ಕಳ ಮೇಲೆ ಹೊರಿಸಿದ ಇನ್ನೊಂದು ಕೆಲಸ ಆಗುತ್ತದೆ, ಅಲ್ವಾ?

ಹಳೇ ಪಟ್ಟಿಯನ್ನು ಕದ್ದು ಕಿತ್ತು ಹಾಕಬೇಡಿ. ಇಬ್ಬರ ಪಾಯಿಂಟನ್ನೂ ಕೂಡಿ, ಬಾಕಿ ಇರುವ ಹಣ ಕೊಟ್ಟುಬಿಡಿ. ಮಾತು ಕೊಟ್ಟಿದ್ದೀರಲ್ಲ. ‘ಅಮ್ಮನ ಈ ಲೆಕ್ಕ ಸರಿ ಬರಲಿಲ್ಲ’ ಅಂತ ನೇರವಾಗಿ ಹೇಳಿ.

ಮನೆಯಲ್ಲಿ ಕವಡೆ ಇಲ್ಲದಿದ್ದರೆ ಹುಣಸೆಬೀಜ ಆಗುತ್ತದೆ. ಒಂದು ಮಗ್ಗುಲನ್ನು ಕಲ್ಲಿಗೆ ಬಿಳಿಯಾಗುವ ತನಕ ತಿಕ್ಕಬೇಕು. ಅಣ್ಣನಿಗೆ ಎರಡು, ತಂಗಿಗೆ ಎರಡು ಕೊಟ್ಟು ಜಗಲಿಯಲ್ಲಿ ಕೂರಿಸಿ.